ಮೊದಲು ಬಾಚಣಿಗೆ, ಆಮೇಲೆ ಕ್ಲಿಪ್ಪರ್

ನಮ್ಮನೆಯ ಗುಂಡ ಶಿಟ್ಜು ಜಾತಿಯ ನಾಯಿ. ಅವನಿಗೆ ಎರಡು ವರ್ಷವಾಗಿದ್ದಾಗ ಮನೆಯಲ್ಲಿದ್ದ ಗಡ್ಡದ ಟ್ರಿಮ್ಮರ್ ಹಿಡಿದು ನಾನೇ ಅವನ ಕೂದಲು ಕತ್ತರಿಸಲು ಕೂತೆ. ಎರಡು ಸಲ ಓಡಿಸುವಷ್ಟರಲ್ಲಿ ಹಲ್ಲುಗಳ ನಡುವೆ ಕೂದಲು ಸಿಕ್ಕಿಕೊಂಡು ಎಳೆಯಿತು. ಗುಂಡ ಕಿರುಚಿ ಮಂಚದ ಕೆಳಗೆ ಸೇರಿಕೊಂಡ. ಆಮೇಲೆ ತಿಂಗಳುಗಟ್ಟಲೆ ಮಿಕ್ಸಿ ಶಬ್ದ ಕೇಳಿದರೂ ಓಡುತ್ತಿದ್ದ. ನಿಮ್ಮ ನಾಯಿಗೆ ಹಾಗಾಗಬಾರದು.

ಯಾವ ನಾಯಿಗೆ ಬೇಡ

ಕ್ಲಿಪ್ಪರ್, ಅಂದರೆ ಕೂದಲು ಕತ್ತರಿಸುವ ಮೆಷಿನ್, ಎಲ್ಲ ನಾಯಿಗೂ ಬೇಕಿಲ್ಲ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ, ನಾವೆಲ್ಲ ಪೊಮೇರಿಯನ್ ಎನ್ನುವ ಬಿಳಿ ಸ್ಪಿಟ್ಜ್, ಇವಕ್ಕೆ ಎರಡು ಪದರದ ತುಪ್ಪಟ. ಮೇಲೆ ಒರಟು ಕೂದಲು, ಒಳಗೆ ಹತ್ತಿಯಂಥ ಮೆತ್ತನೆ ಪದರ. ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ, ಆಗಾಗ ರಾಶಿ ರಾಶಿ ಉದುರುತ್ತದೆ. ಬೇಸಿಗೆ ಬಂದರೆ ಪಾಪ ಸೆಕೆ ಎಂದು ಇವನ್ನು ಬೋಳಿಸುವವರು ಬಹಳ ಜನ. ದಯವಿಟ್ಟು ಬೇಡ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತಂಪಾಗುತ್ತದೆ. ಆ ತುಪ್ಪಟವೇ ಬಿಸಿಲು ಚರ್ಮಕ್ಕೆ ತಾಗದಂತೆ ಕಾಯುತ್ತದೆ. ಬೋಳಿಸಿದ ಮೇಲೆ ಕೆಲವು ನಾಯಿಗಳಿಗೆ ಕೂದಲು ತೇಪೆ ತೇಪೆಯಾಗಿ ಬರುತ್ತದೆ. ಇವಕ್ಕೆ ಒಳ್ಳೆಯ ಬ್ರಷ್ ಸಾಕು. ಮುಧೋಳ ನಾಯಿಗೂ ನಮ್ಮ ಬೀದಿಯ ನಾಯಿಗೂ ರಬ್ಬರ್ ಬ್ರಷ್ ಸಾಕೋ ಸಾಕು.

ಶಿಟ್ಜು, ಲಾಸಾ ಆಪ್ಸೊ, ಪೂಡಲ್ ಥರದವುಗಳ ಕಥೆ ಬೇರೆ. ನಮ್ಮ ತಲೆಗೂದಲಿನ ಹಾಗೆ ಅವುಗಳ ಕೂದಲು ಬೆಳೆಯುತ್ತಲೇ ಇರುತ್ತದೆ. ಕತ್ತರಿಸಲೇಬೇಕು.

ಅಂಗಡಿಯಲ್ಲಿ ಏನು ನೋಡಬೇಕು

ನಮ್ಮ ತಲೆಯಲ್ಲಿ ಸಾಮಾನ್ಯವಾಗಿ ಒಂದು ರಂಧ್ರಕ್ಕೆ ಒಂದೋ ಎರಡೋ ಕೂದಲು. ನಾಯಿಗೆ ಒಂದೇ ರಂಧ್ರದಿಂದ ಹಲವು ಕೂದಲು ಹೊರಡುತ್ತವೆ. ಅದಕ್ಕೇ ಗಡ್ಡದ ಟ್ರಿಮ್ಮರ್ ಅಲ್ಲಿ ಸೋಲುತ್ತದೆ. ನಾಯಿಗೆಂದೇ ಮಾಡಿದ್ದನ್ನೇ ಕೊಳ್ಳಿ.

ಬ್ಲೇಡಿನ ನಂಬರ್ ಅರ್ಥಮಾಡಿಕೊಂಡರೆ ಅರ್ಧ ಗೊಂದಲ ಮುಗಿಯಿತು. ನಂಬರ್ ದೊಡ್ಡದಾದಷ್ಟೂ ಕೂದಲು ಗಿಡ್ಡವಾಗುತ್ತದೆ. 10ನೇ ನಂಬರ್ ಸುಮಾರು 1.5 ಮಿಲಿಮೀಟರ್ ಉಳಿಸುತ್ತದೆ. 7 ಎಫ್ ಸುಮಾರು 3, 4 ಎಫ್ ಸುಮಾರು 9. ಎಫ್ ಎಂದರೆ ಹಲ್ಲುಗಳೆಲ್ಲ ಒಂದೇ ಎತ್ತರದಲ್ಲಿವೆ ಎಂದು. ಎಫ್ ಇಲ್ಲದ 7, 5, 4ರಲ್ಲಿ ಒಂದು ಹಲ್ಲು ಉದ್ದ, ಒಂದು ಗಿಡ್ಡ. ಆ ಸಂದಿನಲ್ಲಿ ಚರ್ಮ ಸಿಕ್ಕಿಬೀಳುತ್ತದೆ, ಹೊಸಬರಿಗೆ ಅದು ಬೇಡವೇ ಬೇಡ. 30, 40 ಕೂಡ ಬರಿ ಚರ್ಮದ ಮೇಲೆ ಓಡಿಸುವುದಲ್ಲ.

ಮನೆಗೆ ನನ್ನ ಆಯ್ಕೆ, 10ನೇ ನಂಬರ್ ಬ್ಲೇಡ್ ಮತ್ತು ಅದರ ಮೇಲೆ ಕೂರುವ 9 ಅಥವಾ 12 ಮಿಲಿಮೀಟರಿನ ಬಾಚಣಿಗೆ. ಕೈ ಜಾರಿದರೂ ಚರ್ಮಕ್ಕೂ ಬ್ಲೇಡಿಗೂ ಅಂತರ ಇರುತ್ತದೆ. ಅಂಗಡಿಯಲ್ಲಿ ಮೆಷಿನ್ ಆನ್ ಮಾಡಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ. ನಿಮಗೇ ಕಿರಿಕಿರಿಯಾದರೆ ನಾಯಿಗೆ ಎಷ್ಟಾಗಬೇಡ? ಬದಲಿ ಬ್ಲೇಡ್ ಸಿಗುತ್ತದಾ ಎಂದೂ ಕೇಳಿಕೊಳ್ಳಿ. ಸಿಗದಿದ್ದರೆ ಬ್ಲೇಡ್ ಮೊಂಡಾದ ದಿನ ಮೆಷಿನ್ನೂ ಮೂಲೆಗೆ.

ಸಿಕ್ಕು ಬಿಡಿಸುವುದು

ನಿಜವಾದ ಕೆಲಸ ಇಲ್ಲಿದೆ. ಸಿಕ್ಕಿರುವ ಕೂದಲಿನೊಳಗೆ ಯಾವ ದುಬಾರಿ ಕ್ಲಿಪ್ಪರ್ ಕೂಡ ಹೋಗುವುದಿಲ್ಲ. ಬ್ರಷ್ ಮೇಲಿಂದ ಓಡಿಸಿದರೆ ಹೊರಗೆ ನೀಟಾಗಿ ಕಾಣುತ್ತದೆ, ಬುಡದಲ್ಲಿ ಗಂಟು ಹಾಗೇ ಕೂತಿರುತ್ತದೆ. ಒಂದು ಕೈಯಿಂದ ಕೂದಲನ್ನು ಮೇಲೆತ್ತಿ ಹಿಡಿದು, ಚರ್ಮ ಗೆರೆಯ ಹಾಗೆ ಕಾಣುವಂತೆ ಮಾಡಿ, ಒಂದೊಂದೇ ಪದರ ಕೆಳಗೆ ಬಾಚುತ್ತಾ ಬನ್ನಿ. ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಬರಬೇಕು.

ಗಂಟುಗಳು ಕೂರುವ ಜಾಗ ನನಗೀಗ ಬಾಯಿಪಾಠ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳ ಪಟ್ಟಿಯ ಕೆಳಗೆ, ಹಿಂಗಾಲಿನ ಒಳಗೆ. ಗುಂಡನ ಎಡಗಿವಿಯ ಹಿಂದೆ ಒಮ್ಮೆ ಅಡಿಕೆಯಷ್ಟು ದೊಡ್ಡ ಗಂಟು ಸಿಕ್ಕಿತು. ಕತ್ತರಿ ಹಾಕಬೇಕು ಅನಿಸುತ್ತದೆ. ಹಾಕಬೇಡಿ. ಗಂಟನ್ನು ಎಳೆದಾಗ ಅದರ ಜೊತೆ ಚರ್ಮವೂ ಗುಡಾರದ ಹಾಗೆ ಎದ್ದು ಬರುತ್ತದೆ, ಕತ್ತರಿಗೆ ಅದು ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಇಷ್ಟು. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಉಜ್ಜಿದೆ. ಚರ್ಮದ ಹತ್ತಿರ ಕೂದಲಿನ ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದೆ, ಎಳೆತ ನನ್ನ ಬೆರಳಿಗೇ ನಿಲ್ಲಲಿ ಎಂದು. ಆಮೇಲೆ ಗಂಟನ್ನು ಬೆರಳಿಂದಲೇ ಎರಡಾಗಿ, ನಾಲ್ಕಾಗಿ ಬಿಡಿಸಿ, ಬಾಚಣಿಗೆಯ ತುದಿಯಿಂದ ಹೊರಗಿನಿಂದ ಒಳಕ್ಕೆ ಬಂದೆ. ಹದಿನೈದು ನಿಮಿಷ ಹಿಡಿಯಿತು. ಗುಂಡ ಅಷ್ಟು ಹೊತ್ತೂ ನನ್ನ ಮೊಣಕಾಲ ಮೇಲೆ ಗದ್ದ ಇಟ್ಟು ಮಲಗಿದ್ದ.

ಮೈಯೆಲ್ಲ ಚಾಪೆಯ ಹಾಗೆ ಜಡೆಗಟ್ಟಿದ್ದರೆ ಮನೆಯಲ್ಲಿ ಸಾಹಸ ಬೇಡ. ಅದರ ಕೆಳಗೆ ಹುಣ್ಣಿರಬಹುದು, ಉಣ್ಣಿಗಳಿರಬಹುದು. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಿಕ್ಕು ಬಿಡಿಸಿದ ಮೇಲೆಯೇ ಸ್ನಾನ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತದೆ. ಸ್ನಾನ ಮಾಡಿಸದೆ ಕತ್ತರಿಸಿದರೆ ಧೂಳಿಗೆ ಬ್ಲೇಡ್ ಬೇಗ ಮೊಂಡಾಗುತ್ತದೆ. ಶಾಂಪೂ ನಾಯಿಯದ್ದೇ ಇರಲಿ. ಬುಡದವರೆಗೂ ಒಣಗಿಸಿ, ಇನ್ನೊಂದು ಸಲ ಬಾಚಿ.

ಈಗ ಮೆಷಿನ್

ಕತ್ತರಿಸುವುದಕ್ಕೆ ಒಂದು ವಾರ ಮುಂಚಿನಿಂದಲೇ ದಿನಾ ಊಟದ ಹೊತ್ತಿಗೆ ಮೆಷಿನ್ ಸುಮ್ನೆ ದೂರದಲ್ಲಿ ಆನ್ ಮಾಡಿಡಿ. ಆಮೇಲೆ ಹತ್ತಿರ ತನ್ನಿ. ಆಮೇಲೆ ಆಫ್ ಮಾಡಿ ಬೆನ್ನಿಗೆ ತಾಗಿಸಿ, ಒಂದು ತುಂಡು ಬಿಸ್ಕತ್ ಕೊಡಿ. ಕೊನೆಗೆ ಆನ್ ಮಾಡಿ ಅದರ ಹಿಂಭಾಗವನ್ನು ಭುಜಕ್ಕೆ ಮುಟ್ಟಿಸಿ. ಗುಂಡನ ಭಯ ಬಿಟ್ಟದ್ದು ಹೀಗೇ.

ಕತ್ತರಿಸುವ ದಿನ ನೆಲದ ಮೇಲೆ ಜಾರದ ಮ್ಯಾಟ್ ಹಾಸಿ. ಬ್ಲೇಡಿಗೆ ಎರಡು ಹನಿ ಎಣ್ಣೆ, ಮೆಷಿನ್ ಜೊತೆ ಕೊಡುವುದೇ. ಕೊಬ್ಬರಿ ಎಣ್ಣೆ ಹಾಕಿದರೆ ಅಂಟಾಗುತ್ತದೆ. ಕುತ್ತಿಗೆಯ ಹಿಂದಿನಿಂದ ಶುರುಮಾಡಿ ಬಾಲದ ಕಡೆಗೆ, ಕೂದಲು ಮಲಗುವ ದಿಕ್ಕಿನಲ್ಲೇ ನಿಧಾನವಾಗಿ ಬನ್ನಿ. ಬ್ಲೇಡ್ ಮೈಮೇಲೆ ಮಲಗಿರಬೇಕು, ಅದರ ತುದಿ ಚುಚ್ಚಬಾರದು. ಒತ್ತಬೇಡಿ. ಬೆನ್ನು, ಪಕ್ಕೆ, ಎದೆ, ಆಮೇಲೆ ಕಾಲು.

ಹಿಂಗಾಲು ಹೊಟ್ಟೆಗೆ ಸೇರುವಲ್ಲಿ ಒಂದು ಚರ್ಮದ ಮಡಿಕೆ ಇದೆ. ಬೆಳಕಿಗೆ ಹಿಡಿದರೆ ಹಪ್ಪಳದಷ್ಟು ತೆಳು. ಗಾಯ ಜಾಸ್ತಿ ಆಗುವುದು ಅಲ್ಲೇ. ಎಡಗೈ ಅಂಗೈಯಿಂದ ಅದನ್ನು ಚಪ್ಪಟೆ ಮಾಡಿ ಹಿಡಿದು, ಆಮೇಲೆ ಕ್ಲಿಪ್ಪರ್ ಓಡಿಸಿ. ಕಂಕುಳಿಗೂ ಇದೇ ಮಾತು. ಕಿವಿಯ ಅಂಚನ್ನು ಎರಡು ಬೆರಳ ನಡುವೆ ಮುಚ್ಚಿ ಹಿಡಿದು, ಬೆರಳಾಚೆಗಿನ ಕೂದಲನ್ನು ಮಾತ್ರ ಕತ್ತರಿಸಿ.

ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ನಿಮಗೆ ಬಿಸಿ ಅನಿಸಿದರೆ ನಾಯಿಗೆ ಅದು ಸುಡುತ್ತದೆ. ಆಫ್ ಮಾಡಿ, ಬ್ಲೇಡ್ ಬಿಚ್ಚಿ ಸ್ಟೀಲ್ ತಟ್ಟೆಯ ಮೇಲಿಡಿ, ಬೇಗ ಆರುತ್ತದೆ.

ಮುಖಕ್ಕೆ ಕ್ಲಿಪ್ಪರ್ ಬೇಡ. ಮೊಂಡು ತುದಿಯ ಕತ್ತರಿ ಹಿಡಿದು, ಕಣ್ಣಿಗೂ ಕತ್ತರಿಗೂ ನಡುವೆ ಬಾಚಣಿಗೆ ಅಡ್ಡ ಇಟ್ಟು, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಪಾದದ ಅಡಿಯ ಕೂದಲನ್ನೂ ತೆಗೆಯಿರಿ, ಟೈಲ್ಸ್ ಮೇಲೆ ಜಾರುವುದು ಕಡಿಮೆಯಾಗುತ್ತದೆ. ಬೆರಳ ಸಂದಿನಲ್ಲಿ ಉಣ್ಣಿ ಇದೆಯಾ ಎಂದು ಆಗಲೇ ನೋಡಿಬಿಡಿ.

ನಾಯಿ ತುಟಿ ನೆಕ್ಕತೊಡಗಿದರೆ, ಆಕಳಿಸಿದರೆ, ಮುಖ ತಿರುಗಿಸಿದರೆ ಅದಕ್ಕೆ ಸಾಕಾಗಿದೆ ಎಂದೇ ಅರ್ಥ. ಅಲ್ಲಿಗೆ ನಿಲ್ಲಿಸಿ. ಅರ್ಧ ಕತ್ತರಿಸಿದ ನಾಯಿಯನ್ನು ನೋಡಿ ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ. ನಾವು ಗುಂಡನಿಗೆ ಬೆನ್ನು ಶನಿವಾರ, ಕಾಲು ಭಾನುವಾರ ಮಾಡುತ್ತೇವೆ. ಮುಖದ ಸರದಿ ಸೋಮವಾರ ಸಂಜೆ, ಅವನು ವಾಕಿಂಗ್ ಮುಗಿಸಿ ಸುಸ್ತಾಗಿ ಬಂದ ಮೇಲೆ.