ದಾರ ತಿಂದ ಮಣಿಗಳು

ಮೂರು ತಿಂಗಳು ಹಾಕಿಕೊಂಡಿದ್ದ ಸರ ಒಂದು ಬೆಳಿಗ್ಗೆ ಕುತ್ತಿಗೆಯಿಂದ ಜಾರಿ ನೆಲದ ತುಂಬ ಚೆಲ್ಲಿತು. ಗಂಟು ಬಿಚ್ಚಿರಬೇಕು ಅಂದುಕೊಂಡೆ. ನೋಡಿದರೆ ಕೊಂಡಿಯ ಹತ್ತಿರದ ಗಂಟು ಗಟ್ಟಿಯಾಗಿಯೇ ಇತ್ತು. ನಡುವೆ, ಎರಡು ಮಣಿ ಕೂಡುವ ಕಡೆ, ದಾರ ನಾರುನಾರಾಗಿ ಸವೆದು ಹರಿದಿತ್ತು. ಹೆಕ್ಕಿದ ಮಣಿಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಕಾರಣ ಕಂಡಿತು: ಕೆಲವು ಮಣಿಗಳ ತೂತಿನ ಬಾಯಿ ಒಡೆದ ಬಳೆಚೂರಿನ ಅಂಚಿನಂತಿತ್ತು.

ಅವು ಮೈಗೆ ಚಪ್ಪಟೆ ಮುಖಗಳನ್ನು ಕೊರೆದ ಜೆಕ್ ಗಾಜಿನ ಮಣಿಗಳು, ಪೋಣಿಸುವವರ ಬಾಯಲ್ಲಿ ‘ಫೈರ್ ಪಾಲಿಶ್’. ಜೆಕ್ ದೇಶದ ಉತ್ತರಕ್ಕಿರುವ ಯಾಬ್ಲೊನೆತ್ಸ್ ಪಟ್ಟಣದ ಸೀಮೆ ಇವುಗಳ ತವರು. ಗಾಜಿನ ಕಡ್ಡಿ ಕಾಯಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಆಮೇಲೆ ಸಾಣೆ ಹಿಡಿದು ಮುಖ ತೆಗೆಯುತ್ತಾರೆ. ಸಾಣೆಗೆ ಮಂಕಾದ ಮಣಿಯನ್ನು ಮತ್ತೆ ಕುಲುಮೆಯ ಶಾಖಕ್ಕೆ ಒಡ್ಡಿದಾಗ ಮೈ ತುಸುವೇ ಕರಗಿ ಹೊಳಪೇರುತ್ತದೆ. ಮುಖಗಳ ಅಂಚು ಮೆದುವಾಗುವುದೂ ಆಗಲೇ. ಕ್ರಿಸ್ಟಲ್‌ನ ಕಣ್ಣು ಕುಕ್ಕುವ ಮಿಂಚಿಗಿಂತ ಈ ಮೆದು ಹೊಳಪೇ ನನಗಿಷ್ಟ. ಹೊರಗೆ ಇಷ್ಟು ನಯವಿದ್ದದ್ದು ತೂತಿನಲ್ಲೂ ಹಾಗೇ ಇರುತ್ತದೆ ಎಂದು ನಂಬಿದ್ದೆ, ಅಷ್ಟೇ.

ಈಗ ಅಂಗಡಿಯಿಂದ ತಂದ ಹೊಸ ಮಣಿಗಳ ಎಳೆ ಬಿಚ್ಚಿದ ಕೂಡಲೇ ಒಂದೊಂದೇ ಮಣಿಯನ್ನು ತುಂಡು ನೈಲಾನ್ ದಾರಕ್ಕೆ ಹಾಕಿ, ದಾರವನ್ನು ಓರೆಯಾಗಿ ಹಿಡಿದು ನಾಲ್ಕೈದು ಸಲ ಹಿಂದೆ ಮುಂದೆ ಎಳೆಯುತ್ತೇನೆ. ಬೇಸರದ ಕೆಲಸ, ನಿಜ. ದಾರದ ಮೇಲೆ ಬಿಳಿ ನಾರು ಎದ್ದರೆ ಆ ಮಣಿ ಪಕ್ಕಕ್ಕೆ. ಎಸೆಯುವುದಿಲ್ಲ, ಲೋಹದ ಪಿನ್ನಿನಲ್ಲಿ ಕೂರುವ ಕಿವಿಯೋಲೆಗೆ ಅದೇ ಸಾಕು. ಉಳಿದವನ್ನು ಪೋಣಿಸುವಾಗ ಎರಡು ಮಣಿಗಳ ನಡುವೆ 11/0 ಅಳತೆಯ ಸೀಡ್ ಬೀಡ್ (ಸುಮಾರು 2 ಮಿಮೀ ದಪ್ಪದ, ಬೀಜದಂಥ ಪುಟ್ಟ ಗಾಜಿನ ಮಣಿ) ಒಂದನ್ನು ಇಡುತ್ತೇನೆ. ಸರ ಬಾಗುವಾಗ ತೂತಿನ ಬಾಯಿಗಳು ಒಂದಕ್ಕೊಂದು ಉಜ್ಜಿ ದಾರ ಸಿಕ್ಕಿಕೊಳ್ಳುವುದು ತಪ್ಪುತ್ತದೆ. 6 ಮಿಮೀ, 8 ಮಿಮೀ ಮಣಿಗಳ ಭಾರಕ್ಕೆ ದಾರವೇ ಬೇಡ, ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಎಳೆ ಮತ್ತು ಗಂಟಿನ ಬದಲು ಇಕ್ಕಳದಲ್ಲಿ ಒತ್ತಿ ಬಿಗಿಸುವ ಲೋಹದ ಕ್ರಿಂಪ್ ಮಣಿ.

ಅಳತೆಯಲ್ಲೂ ಒಮ್ಮೆ ಏಮಾರಿದ್ದೇನೆ. 16 ಸೆಂಮೀ ಸುತ್ತಳತೆಯ ಮಣಿಕಟ್ಟಿಗೆ 18 ಸೆಂಮೀ ಉದ್ದದ ಕೈಸರ ಧಾರಾಳ ಎಂದು 8 ಮಿಮೀ ಮಣಿ ಪೋಣಿಸಿದೆ. ಕೊಂಡಿ ಸೇರಲೇ ಇಲ್ಲ. ಎಳೆ ಹಾದುಹೋಗುವುದು ಮಣಿಯ ನಡುವೆ, ಕೈಗೆ ತಾಗುವುದು ಒಳಮೈ. ಸುತ್ತಿದಾಗ ಮಣಿಯ ದಪ್ಪದ ಮೂರು ಪಟ್ಟಿಗಿಂತ ತುಸು ಹೆಚ್ಚೇ ಒಳಸುತ್ತಿನಲ್ಲಿ ಕಳೆಯುತ್ತದೆ, ಇಲ್ಲಿ ಹತ್ತಿರಹತ್ತಿರ ಎರಡೂವರೆ ಸೆಂಮೀ. ಉಳಿದದ್ದು ಹದಿನೈದೂವರೆ! ಅದೇ ಉದ್ದದಲ್ಲಿ 4 ಮಿಮೀ ಮಣಿಯಾಗಿದ್ದರೆ ಸಲೀಸಾಗಿ ಕೂರುತ್ತಿತ್ತು.

ಹರಿದ ಸರವನ್ನು ಮತ್ತೆ ಕಟ್ಟಿದ್ದೇನೆ. ಪರೀಕ್ಷೆಯಲ್ಲಿ ಒಂಬತ್ತು ಮಣಿ ಸೋತವು. ಸೀಡ್ ಬೀಡ್ ಸೇರಿದ್ದರಿಂದ ಅಷ್ಟು ಕಡಿಮೆಯಾದರೂ ಉದ್ದ ಮೊದಲಿನಷ್ಟೇ ಬಂತು.