ರೊಬುಸ್ಟೊ ಸಿಗಾರ್ ಸುತ್ತುವ ಬಗೆ: ಒಳಸೊಪ್ಪಿನಲ್ಲೇ ಮುಕ್ಕಾಲು ಕೆಲಸ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬ್ಯಾರನ್ ಎಂಬ ಹದಮಾಡುವ ಮನೆಯ ಬಿಸಿಗಾಳಿಯಲ್ಲಿ ಹದಗೊಂಡದ್ದು. ಸಕ್ಕರೆ ಎಲೆಯಲ್ಲೇ ಉಳಿದಿರುತ್ತದೆ, ಸಿಗರೇಟಿಗೆ ಅದೇ ಬೇಕು. ನಿಪ್ಪಾಣಿಯದು ಬೀಡಿಗೆ. ಸಿಗಾರಿಗೆ ಇವೆರಡೂ ಒಗ್ಗುವುದಿಲ್ಲ. ಕೊಟ್ಟಿಗೆಯ ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿ ಗಾಳಿಗೆ ಒಣಗಿಸಿ, ಆಮೇಲೆ ದೊಡ್ಡ ರಾಶಿ ಹಾಕಿ ಹುದುಗಿಸಿದ ಎಲೆ ಬೇಕು. ರಾಶಿ ತಾನಾಗಿಯೇ ಬಿಸಿಯೇರಿದಾಗ ಅಮೋನಿಯಾ ಹೊರಟುಹೋಗಿ ಕಟುತನ ಇಳಿಯುತ್ತದೆ. ಒಂದೆರಡು ಕೆಜಿ ಎಲೆಯಲ್ಲಿ ಆ ಬಿಸಿ ಹುಟ್ಟುವುದಿಲ್ಲ, ಹಾಗಾಗಿ ನಾನು ಹುದುಗಿಸಿದ ಎಲೆಯನ್ನೇ ಕೊಳ್ಳುತ್ತೇನೆ. ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟು ತೆರೆದಾಗ ಅಮೋನಿಯಾ ಮೂಗಿಗೆ ಹೊಡೆದರೆ ಆ ಎಲೆ ಇನ್ನೂ ಹಸಿ.

ರೊಬುಸ್ಟೊ ಅಂದರೆ ಗಿಡ್ಡನೆಯ, ದಪ್ಪನೆಯ ಸಿಗಾರ್. ಅದರ ಕ್ಯೂಬಾದ ಅಳತೆ ಉದ್ದ 124 ಮಿ.ಮೀ., ದಪ್ಪ 50 ರಿಂಗ್. ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ ದಪ್ಪ 20 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ಇದಕ್ಕೆ ನಾನು ತೂಗುವ ಒಳಸೊಪ್ಪು, ಅಂದರೆ ಒಳಗೆ ತುಂಬುವ ಎಲೆ, ಸುಮಾರು 10 ಗ್ರಾಂ: ಸೇಕೋ 5, ವೀಸೋ 3, ಲಿಗೇರೋ 2. ಲಿಗೇರೋ ಗಿಡದ ತುದಿಯ ಎಲೆ. ಬಿಸಿಲು ಹೆಚ್ಚು ಕುಡಿದದ್ದು, ದಪ್ಪ, ಖಾರ, ನಿಧಾನಕ್ಕೆ ಉರಿಯುವಂಥದ್ದು. ಸೇಕೋ ತೆಳು, ಪರಿಮಳ ಅದರದ್ದು. ಎರಡರ ನಡುವಿನದು ವೀಸೋ. ಒಳಸೊಪ್ಪು ನಿಕರಾಗುವಾದ ಎಸ್ತೆಲಿಯದು, ಅದನ್ನು ಕಟ್ಟುವ ಎಲೆ ಇಂಡೋನೇಷ್ಯಾದ್ದು, ಎಲ್ಲದರ ಮೇಲೆ ಸುತ್ತುವ ಹೊರ ಎಲೆ ಎಕ್ವಡಾರಿನದು. ಎಕ್ವಡಾರಿನ ಹೊಲಗಳ ಮೇಲೆ ಮೋಡವೇ ಚಪ್ಪರವಾಗಿರುವುದರಿಂದ ಅಲ್ಲಿನ ಎಲೆ ತೆಳ್ಳಗೆ, ನರ ಸಣ್ಣದಾಗಿ ಬರುತ್ತದೆ.

ಎಲೆಗೆ ನೀರು ಸಿಂಪಡಿಸಿ ರಾತ್ರಿಯಿಡೀ ಮುಚ್ಚಿದ ಚೀಲದಲ್ಲಿಟ್ಟು ಬೆಳಿಗ್ಗೆ ನಡುನರ ಎಳೆದು ತೆಗೆಯುತ್ತೇನೆ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ತಲೆಸುತ್ತು, ವಾಕರಿಕೆ ಬರುತ್ತದೆ. ಕೈಗವಸು ಹಾಕಲೇಬೇಕು. ನರ ತೆಗೆದ ಒಳಸೊಪ್ಪನ್ನು ಮತ್ತೆ ಹರಡಿ ಆರಿಸಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಸಣ್ಣಗೆ ಸರಸರ ಎಂದು ತಾನೇ ಬಿಚ್ಚಿಕೊಳ್ಳಬೇಕು, ಪುಡಿಯಾಗಬಾರದು. ಇಲ್ಲಿ ಅವಸರ ಮಾಡಿದವರ ಸಿಗಾರ್ ಎಳೆಯಲಿಕ್ಕೇ ಬರುವುದಿಲ್ಲ, ಏಕೆಂದರೆ ಒದ್ದೆ ಎಲೆ ಒತ್ತಿದಾಗ ಒಂದಕ್ಕೊಂದು ಅಂಟಿ ಗಾಳಿಯ ದಾರಿ ಮುಚ್ಚುತ್ತದೆ. ಹೊರ ಎಲೆ ಮಾತ್ರ ಬಾಡಿದ ವೀಳ್ಯದೆಲೆಯಷ್ಟು ಮೆತ್ತಗಿರಬೇಕು. ಬೆಂಗಳೂರಿನ ಮಾರ್ಚ್‌ನಂಥ ಒಣಹವೆಯಲ್ಲಿ ಅದು ಕೈಯಲ್ಲೇ ಒಣಗಿ ಸೀಳುತ್ತದೆ. ಒಂದೊಂದೇ ತೆಗೆದುಕೊಂಡು ಉಳಿದದ್ದನ್ನು ಒದ್ದೆ ಬಟ್ಟೆಯಡಿ ಇಡಬೇಕು.

ಈಗ ಕಟ್ಟು ಕೂಡಿಸುವುದು. ಎಲೆಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದಿಟ್ಟು ಮಡಚುವುದು ಬೇಗ ಆಗುವ ಕೆಲಸ, ಆದರೆ ಮಡಿಕೆಯ ಕಡೆ ಸೊಪ್ಪು ಒತ್ತಾಗಿ ಒಂದೇ ಪಕ್ಕ ಉರಿಯುತ್ತದೆ. ಪ್ರತಿ ಎಲೆಯನ್ನೂ ಬೇರೆಬೇರೆ ಸಡಿಲ ಕೊಳವೆಯಾಗಿ ಸುರುಳಿ ಮಾಡಿ ಜೋಡಿಸುವ ಎಂತುಬಾದೋ ಪದ್ಧತಿಯನ್ನೇ ನಾನು ಬಿಡದೆ ಅನುಸರಿಸುತ್ತೇನೆ. ಸಮಯ ದುಪ್ಪಟ್ಟು ಹಿಡಿದರೂ ಪ್ರತಿ ಕೊಳವೆಯೂ ಗಾಳಿಗೆ ದಾರಿ ಬಿಡುತ್ತದೆ. ಲಿಗೇರೋ ಸರಿಯಾಗಿ ನಡುವೆ, ಅದರ ಸುತ್ತ ವೀಸೋ, ಹೊರಗೆ ಸೇಕೋ. ಲಿಗೇರೋ ಒಂದು ಬದಿಗೆ ಜಾರಿದರೆ ಆ ಬದಿ ಉರಿಯದೆ ಹಿಂದೆ ಉಳಿದು ಬೆಂಕಿ ಓರೆಯಾಗುತ್ತದೆ. ಎಲೆಗಳ ತುದಿಗಳೆಲ್ಲ ಬೆಂಕಿ ಹಚ್ಚುವ ಕಡೆಗೆ ಇರಬೇಕು. ಕೈಯಲ್ಲಿ ಕಟ್ಟನ್ನು ತಿರುಚಬಾರದು, ತಿರುಚಿದಲ್ಲಿ ಗಂಟು ಬೀಳುತ್ತದೆ. ಬೆರಳಿನಿಂದ ತುದಿಯಿಂದ ತುದಿಗೆ ಒತ್ತಿ ನೋಡಿ, ಪೊಳ್ಳು ಸಿಕ್ಕಿದ ಕಡೆ ತುಂಡು ಸೇಕೋ ಸೇರಿಸುತ್ತೇನೆ. ಪೊಳ್ಳಿದ್ದಲ್ಲಿ ಬೆಂಕಿ ಓಡಿ ಹೊಗೆ ಬಿಸಿಯಾಗುತ್ತದೆ.

ಕಟ್ಟುವ ಎಲೆಯನ್ನು ಓರೆಯಾಗಿ ಸುತ್ತಿ ಮರದ ಅಚ್ಚಿನಲ್ಲಿಟ್ಟು ಒತ್ತುತ್ತೇನೆ. ಅರ್ಧ ಗಂಟೆಗೆ ಕಾಲು ಸುತ್ತು ತಿರುಗಿಸಿ ಮತ್ತೆ ಅರ್ಧ ಗಂಟೆ. ತಿರುಗಿಸದಿದ್ದರೆ ಅಚ್ಚಿನ ಸೇರುವೆ ಏಣಾಗಿ ಉಳಿದು ಹೊರ ಎಲೆಯ ಮೇಲೂ ಕಾಣುತ್ತದೆ. ಅಚ್ಚಿನಿಂದ ತೆಗೆದ ಕೂಡಲೇ ಬಾಯಿಗಿಟ್ಟು ಗಾಳಿ ಎಳೆದು ನೋಡುವುದು ಕಡ್ಡಾಯ. ಬಿಗಿಯಿದ್ದರೆ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ. ಹೊರ ಎಲೆ ಸುತ್ತಿದ ಮೇಲೆ ರಿಪೇರಿಯಿಲ್ಲ, ಆ ಎಲೆ ಎಲ್ಲಕ್ಕಿಂತ ದುಬಾರಿ.

ಹೊರ ಎಲೆಯ ಅರ್ಧಭಾಗವನ್ನು ನರದ ಮುಖ ಮೇಲಾಗಿ ಹಲಗೆಯ ಮೇಲೆ ಹರಡಿ, ಚವೇತಾ ಎಂಬ ಬಾಗಿದ ಅಲಗಿನಿಂದ ಹೊರ ಅಂಚನ್ನು ಸವರುತ್ತೇನೆ. ಬೆಂಕಿಯ ತುದಿಯಿಂದ ಶುರುಮಾಡಿ, ಎಡಗೈಯಲ್ಲಿ ಎಲೆಯನ್ನು ಹದವಾಗಿ ಎಳೆಹಿಡಿದು, ಪ್ರತಿ ಸುತ್ತೂ ಹಿಂದಿನದರ ಮೂರನೇ ಒಂದು ಭಾಗವನ್ನು ಮುಚ್ಚುವಂತೆ ಉರುಳಿಸುವುದು. ನಡುನರದ ಕಡೆಯ ದಪ್ಪ ನರಗಳು ಒಳಕ್ಕೆ ಹೋಗಬೇಕು. ಎಡ ಅರ್ಧ, ಬಲ ಅರ್ಧ ಎದುರುಬದುರು ದಿಕ್ಕಿಗೆ ಸುತ್ತುವಂಥವು, ಅವನ್ನು ಬೆರೆಸದೆ ಬೇರೆಬೇರೆ ಅಡಕವಾಗಿಡುತ್ತೇನೆ. ಬಿಗಿಯಾಗಿ ಎಳೆದ ಎಲೆ ಅಂದು ಚೆನ್ನಾಗಿ ಕಂಡರೂ ಒಣಗುವಾಗ ಬಿರಿಯುತ್ತದೆ.

ಅಂಟು ತಲೆಗೆ, ಅಂದರೆ ಬಾಯಿಗಿಡುವ ತುದಿಗೆ ಮಾತ್ರ. ಅರ್ಧ ಚಮಚ ಪೆಕ್ಟಿನ್ ಪುಡಿಯನ್ನು ಎರಡು ಚಮಚ ನೀರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸಾಕು. ಎಲೆಯ ಕೊನೆಯನ್ನು ಬಾವುಟದ ಆಕಾರಕ್ಕೆ ಕತ್ತರಿಸಿ ತಲೆಗೆ ಸುತ್ತಿ, ಮೇಲೆ ದುಂಡು ಬಿಲ್ಲೆ ಕೂರಿಸುತ್ತೇನೆ.

ಹೊಸ ಸಿಗಾರ್ ಒದ್ದೆ, ಖಾರ. ಮೂರು ವಾರ ತೆರೆದ ಪೆಟ್ಟಿಗೆಯಲ್ಲಿ ಗಾಳಿಯ 60 ಶೇಕಡಾ ತೇವದಲ್ಲಿ, ನಂತರ ಸ್ಪ್ಯಾನಿಷ್ ಸೀಡರ್ ಮರದ ಪೆಟ್ಟಿಗೆಯಲ್ಲಿ 65 ಶೇಕಡಾದಲ್ಲಿ ಕನಿಷ್ಠ ಮೂರು ತಿಂಗಳು. 75 ದಾಟಿದರೆ ಬೂಷ್ಟು. ತಾಪ 24 ಡಿಗ್ರಿ ಮೀರಿದರೆ ಎಲೆಯೊಳಗಿನ ಹೊಗೆಸೊಪ್ಪಿನ ಜೀರುಂಡೆಯ ಮೊಟ್ಟೆಗಳು ಒಡೆದು ಸೂಜಿತೂತು ಬೀಳುತ್ತದೆ. ಅದಕ್ಕೆ ಸಿಗಾರನ್ನು ಎರಡು ಪದರದ ಗಾಳಿಯಾಡದ ಚೀಲದಲ್ಲಿಟ್ಟು ಮೈನಸ್ 20 ಡಿಗ್ರಿಯಲ್ಲಿ ಐದು ದಿನ, ಬಳಿಕ ಒಂದು ದಿನ ಮಾಮೂಲಿ ಫ್ರಿಜ್‌ನಲ್ಲಿ. ಹೊರತೆಗೆದು ಚೀಲ ಕೋಣೆಯ ತಾಪಕ್ಕೆ ಬಂದ ಮೇಲಷ್ಟೇ ತೆರೆಯಬೇಕು. ಮೊದಲೇ ತೆರೆದರೆ ತಣ್ಣನೆಯ ಎಲೆಯ ಮೇಲೆ ನೀರು ಕೂತು ಹೊರ ಎಲೆ ಸೀಳುತ್ತದೆ.