ಮುಳುಗಡೆಯಾದ ಹೊಳೆದಂಡೆಯ ಓಣಿಯ ಚರಿತ್ರೆಯನ್ನು ದಾಖಲಿಸುವ ಬಗೆ

ಹಳೆ ಬಾಗಲಕೋಟೆಯಲ್ಲಿ ಘಟಪ್ರಭೆಯ ಕಡೆಗೆ ಇಳಿದಿದ್ದ ಓಣಿಯೊಂದರ ಚರಿತ್ರೆ ಬರೆಯಹೊರಟವರು ರಾಜಮನೆತನಗಳ ಪಟ್ಟಿಯಿಂದ ಆರಂಭಿಸಬಾರದು. ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು, ಏಕೆಂದರೆ ಇಲ್ಲಿ ಯಾರು ಉಳಿದರು, ಯಾರು ಎದ್ದು ಹೋದರು ಎಂಬುದನ್ನು ನೆಲದ ಎತ್ತರವೇ ನಿರ್ಧರಿಸಿದೆ. ಘಟಪ್ರಭೆಯು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಜಲಾಶಯದ ಹಿನ್ನೀರು ಆ ಸಂಗಮವನ್ನೂ ದಾಟಿ, ಘಟಪ್ರಭೆಯ ಪಾತ್ರದಲ್ಲಿ ಮೇಲಕ್ಕೆ ಸರಿದು, ಪಟ್ಟಣದ ತಗ್ಗಿನ ಭಾಗವನ್ನು ಆವರಿಸಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಈ ಅಣೆಕಟ್ಟಿನಲ್ಲಿ ಇಂದು ನೀರು ನಿಲ್ಲಿಸುವ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚುವ ಎರಡನೆಯ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಅವಕಾಶ ಕೊಟ್ಟಿದೆ. ಆದ್ದರಿಂದ ಈ ಎರಡು ಮಟ್ಟಗಳ ನಡುವೆ ಇನ್ನೂ ನಿಂತಿರುವ ಮನೆ, ಗುಡಿ, ಕಟ್ಟೆಗಳಿದ್ದರೆ ಅವುಗಳ ಫೋಟೊ ಮತ್ತು ಅಳತೆಯ ಕೆಲಸವನ್ನು ಎಲ್ಲಕ್ಕಿಂತ ಮುಂಚೆ ಮುಗಿಸಿಕೊಳ್ಳಿ.

ನಕ್ಷೆಗಾಗಿ ಸಿಟಿ ಸರ್ವೇ ಕಚೇರಿಯಲ್ಲಿ ವಿಚಾರಿಸಿ, ಓಣಿಯ ಸಿಟಿಎಸ್ ನಂಬರುಗಳನ್ನು, ಅಂದರೆ ಪ್ರತಿ ಜಾಗಕ್ಕೆ ಆ ಕಚೇರಿ ಕೊಟ್ಟ ಸರ್ವೇ ನಂಬರುಗಳನ್ನು, ಬರೆದುಕೊಳ್ಳಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಓಣಿಯನ್ನು ಬಲ್ಲ ಹಿರಿಯರೊಬ್ಬರ ಜೊತೆಗೆ ದಂಡೆಗೆ ಹೋಗಿ ನಕ್ಷೆಯನ್ನು ನೆಲಕ್ಕೆ ಹೋಲಿಸಿ ನೋಡಿ. ನೀರು ಸರಿದ ಹೊಸದರಲ್ಲಿ ರೇವೆ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಾಗಿಯೇ ಇರುತ್ತದೆ, ಅಲ್ಲಿ ಕಾಲಿಡಬೇಡಿ.

ಕಾಗದಪತ್ರಗಳನ್ನು ಹುಡುಕುವಾಗ ಜಿಲ್ಲೆಯ ಹೆಸರು ಬದಲಾಗುತ್ತ ಬಂದಿರುವುದನ್ನು ನೆನಪಿಡಬೇಕು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳನ್ನು ವಿಜಾಪುರ ಜಿಲ್ಲೆಯ ಹೆಸರಿನಲ್ಲಿಯೂ, ಆ ಜಿಲ್ಲೆಯ ಮುಖ್ಯಸ್ಥಳ ವಿಜಾಪುರಕ್ಕೆ ಹೋಗುವ ಮುಂಚಿನವನ್ನು ಕಲಾದಗಿಯ ಹೆಸರಿನಲ್ಲಿಯೂ ಕೇಳಬೇಕಾಗುತ್ತದೆ. 1956ರವರೆಗೆ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಎದುರಾದರೆ ಊಹೆಯಿಂದ ಅರ್ಥ ಕಟ್ಟದೆ, ಮೋಡಿ ಬಲ್ಲವರಿಂದ ಓದಿಸಿ. 1884ರಲ್ಲಿ ಪ್ರಕಟವಾದ ವಿಜಾಪುರ ಗ್ಯಾಝೆಟಿಯರ್ ಪಟ್ಟಣದ ಸ್ಥೂಲ ಚಿತ್ರವನ್ನು ಕೊಡುತ್ತದೆಯೇ ಹೊರತು ಓಣಿಯ ಒಳಗೆ ಇಳಿಯುವುದಿಲ್ಲ.

ಓಣಿಯ ಒಳಗೆ ಇಳಿಸುವ ಕಾಗದ ಬಹಳಷ್ಟು ಜನರ ಟ್ರಂಕಿನಲ್ಲಿಯೇ ಇರುತ್ತದೆ. ಅದೆಂದರೆ ಮುಳುಗಡೆ ಪರಿಹಾರದ ಅವಾರ್ಡ್ ಪ್ರತಿ, ಅಂದರೆ ಪರಿಹಾರವನ್ನು ನಿಗದಿಪಡಿಸಿದ ಆದೇಶದ ಪ್ರತಿ. ಪರಿಹಾರ ನಿಗದಿಪಡಿಸಲು ಜಾಗ ಮತ್ತು ಕಟ್ಟಡವನ್ನು ಅಳೆದು, ಬಾವಿ, ಗಿಡಮರಗಳಿಗೂ ಬೆಲೆ ಕಟ್ಟುತ್ತಿದ್ದರು. ಪರಿಹಾರ ಎಷ್ಟು ಬಂತೆಂದು ನೋಡಿ ಮಡಿಚಿಡುವ ಈ ಕಾಗದವೇ ಕೆಡವಿ ಹಾಕಿದ ಮನೆಯ ಬಗ್ಗೆ ಉಳಿದಿರುವ ಅತ್ಯಂತ ಖಚಿತವಾದ ವರ್ಣನೆ ಎಂದು ನಾನು ನಂಬುತ್ತೇನೆ. ಆದರೆ ಅದರಲ್ಲಿ ಮಾಲೀಕರ ಹೆಸರು ಇರುತ್ತದೆ. ಪಡಸಾಲೆಯ ಪಕ್ಕದ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು ಮಗ್ಗ ನಡೆಸಿದ ಸಂಸಾರದ ಸುಳಿವು ಸಿಗುವುದಿಲ್ಲ. ಕಾಗದವನ್ನಷ್ಟೇ ನಂಬಿ ಬರೆದರೆ ಅಂಥವರು ಎರಡನೆಯ ಸಲ ಮುಳುಗುತ್ತಾರೆ. ಅವರನ್ನು ಹುಡುಕಲು ಮಾತನಾಡಿಸುವುದೊಂದೇ ದಾರಿ.

ಮಾತನಾಡಿಸುವಾಗ "ನಿಮ್ಮ ಓಣಿ ಹೆಂಗಿತ್ತು?" ಎಂದು ಕೇಳಿದರೆ "ಭಾಳ ಛಲೋ ಇತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಅಜ್ಜಾರ, ನಿಮ್ಮ ಮನಿ ಬಾಗಲಾ ತಗದ್ರ ಎದುರಿಗೆ ಯಾರ ಮನಿ ಕಾಣತಿತ್ತು? ಅವರ ಬಾಜೂಕ?" ಎಂದು ಕೇಳಿ, ಒಂದೊಂದೇ ಬಾಗಿಲನ್ನು ಕಾಗದದ ಮೇಲೆ ಗುರುತು ಮಾಡುತ್ತ ಹೋದರೆ, ಹಿರಿಯರು ಹೊಳೆಯವರೆಗೂ ಓಣಿಯನ್ನು ನಡೆಸಿಕೊಂಡು ಹೋಗುತ್ತಾರೆ. ಇಸವಿ ನೆನಪಾಗದಿದ್ದರೆ ಆ ಓಣಿಯಲ್ಲಿ ಕೊನೆಯ ಸಲ ಕಾಮಣ್ಣನನ್ನು ಸುಟ್ಟದ್ದು ಯಾವಾಗ, ಆಗ ಮನೆಯ ಯಾವ ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿ. ಹೋಳಿಯನ್ನು ಹಲಗೆ ಮೇಳ, ಬಣ್ಣದ ಬಂಡಿಗಳೊಂದಿಗೆ ಹಲವು ದಿನ ಆಡುವ ಊರಿದು. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯವರು ಯಾವ ದಿನ ಬಣ್ಣದ ಸರದಿ ಯಾರದೆಂಬುದನ್ನು ಲೆಕ್ಕ ಇಟ್ಟವರು. ಕಾಲವನ್ನು ಹಿಡಿಯಲು ಇದು ಒಳ್ಳೆಯ ಆಧಾರ. ಗಂಡಸರ ಮಾತು ಹಲಗೆ, ಪೇಟೆಗಳ ಕಡೆಗೆ ಹರಿದರೆ, ಹೊಳೆಯ ಕಡೆಗೆ ಕರೆದೊಯ್ಯುವವರು ಹೆಂಗಸರು. ಅರಿವೆ ಒಗೆಯುವ ಕಲ್ಲು ಯಾವುದು, ನೀರು ತರುವ ಇಳಿಜಾರು ಎಲ್ಲಿತ್ತು, ಮಳೆಗಾಲದಲ್ಲಿ ಯಾವ ಮೆಟ್ಟಿಲು ಮುಳುಗಿದರೆ ಸಾಮಾನು ಎತ್ತಿಡುತ್ತಿದ್ದರು ಎಂಬುದನ್ನು ಅವರನ್ನೇ ಕೇಳಿ.

ಬರೆದುಕೊಂಡದ್ದನ್ನು ಹಳೆಯ ಓಣಿಯ ಸಾಲಿನಲ್ಲಿಯೇ ಜೋಡಿಸಿ, ಪ್ರತಿ ಮನೆಯ ಎದುರಿಗೆ ಆ ಸಂಸಾರ ಈಗ ಇರುವ ನವನಗರದ (ಮುಳುಗಡೆಯಾದವರಿಗಾಗಿ ಕಟ್ಟಿದ ಹೊಸ ಬಡಾವಣೆಯ) ಸೆಕ್ಟರ್ ನಂಬರನ್ನು ನಮೂದಿಸಿ. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದದ್ದು ಆಗ ಒಂದೇ ನೋಟಕ್ಕೆ ಕಾಣುತ್ತದೆ. ಅವಾರ್ಡ್ ಪ್ರತಿಯನ್ನು ಮನೆಗೆ ಒಯ್ಯದೆ, ಅವರ ಎದುರಿನಲ್ಲಿಯೇ ಫೋಟೊ ತೆಗೆದು ಅಲ್ಲಿಯೇ ಹಿಂದಿರುಗಿಸಿ. ಪರಿಹಾರದ ವ್ಯಾಜ್ಯ ಇನ್ನೂ ನಡೆಯುತ್ತಿದ್ದರೆ ಮೊತ್ತವನ್ನೂ ಹೆಸರನ್ನೂ ಪ್ರಕಟಿಸಬೇಡಿ. ಕರಡು ಸಿದ್ಧವಾದ ಮೇಲೆ ಅದೇ ಓಣಿಯ ಇಬ್ಬರು ಮೂವರನ್ನು ಒಂದೆಡೆ ಕೂರಿಸಿ ಗಟ್ಟಿಯಾಗಿ ಓದಿ ಹೇಳಿ, ಅವರು ತಿದ್ದಿದ್ದನ್ನು ಅಲ್ಲಿಯೇ ಬರೆದುಕೊಳ್ಳಿ. ಒಬ್ಬರ ನೆನಪಿಗೂ ಇನ್ನೊಬ್ಬರ ನೆನಪಿಗೂ ತಾಳೆಯಾಗದಿದ್ದರೆ ಎರಡನ್ನೂ ಉಳಿಸಿ.